ಚುಟ್ಟಗಳ ತಂಪು ಕೋಣೆ

ಮ್ಯಾನೇಜರ್ ಸಾಹೇಬರು ಕೆಲಸದಿಂದ ಮನೆಗೆ ಬಂದರೆ ಮೊದಲು ಮುಖ ತೊಳೆಯುತ್ತಿರಲಿಲ್ಲ, ಹೆಂಡತಿಯ ಮುಖವನ್ನೂ ನೋಡುತ್ತಿರಲಿಲ್ಲ. ಬೂಟಿನ ಲೇಸು ಬಿಚ್ಚುವ ಮೊದಲೇ ಮೆಟ್ಟಿಲ ಹಿಂದಿನ ಕೋಣೆಗೆ ಹೋಗಿ ಗೋಡೆಯ ಮೀಟರಿನ ಮುಂದೆ ನಿಲ್ಲುತ್ತಿದ್ದರು. ಅಂಗೈಯಗಲದ ದುಂಡನೆಯ ಮೀಟರು. ಕೋಣೆಯ ಗಾಳಿಯಲ್ಲಿ ತೇವ ಎಷ್ಟು, ಶಾಖ ಎಷ್ಟು ಎಂದು ಅದರ ಎರಡು ಮುಳ್ಳುಗಳು ತೋರಿಸುತ್ತಿದ್ದವು. ಮುಳ್ಳುಗಳು ಇರಬೇಕಾದ ಕಡೆ ಇದ್ದರೆ ಸಾಹೇಬರ ಹುಬ್ಬು ಸಡಿಲವಾಗುತ್ತಿತ್ತು. ಕೂದಲೆಳೆಯಷ್ಟು ಆಚೀಚೆ ಆಗಿದ್ದರೆ, ಕಿಟಕಿ ತೆರೆದವರು ಯಾರು ಎಂಬ ವಿಚಾರಣೆ ಶುರುವಾಗುತ್ತಿತ್ತು.

ಹಾಗೆ ನೋಡಿದರೆ ಅವರು ಮ್ಯಾನೇಜರಾಗಿದ್ದದ್ದು ಒಂದು ಹಾಸಿಗೆ ಅಂಗಡಿಗೆ. ಬೆಳಗಿನಿಂದ ಸಂಜೆಯವರೆಗೆ ಗುರುತು ಪರಿಚಯವಿಲ್ಲದವರನ್ನು ಹಾಸಿಗೆಯ ಮೇಲೆ ಮಲಗಿಸಿ, "ಬೆನ್ನಿಗೆ ಆರಾಮ ಅನ್ನಿಸ್ತಿದೆಯಾ ಅಮ್ಮ? ನಮ್ಮ ಮನೆಯವರ ಹಾಗೆ ಅಂದ್ಕೊಂಡು ಹೇಳ್ತೀನಿ, ಈ ವಯಸ್ಸಲ್ಲಿ ಸೊಂಟಾನ ಅಲಕ್ಷ್ಯ ಮಾಡ್ಬಾರ್ದು" ಎಂದು ಜೇನು ಸುರಿಸುವುದು ಅವರ ವೃತ್ತಿ. ಆ ಜೇನು ಅಂಗಡಿಯ ಬಾಗಿಲು ಹಾಕುವಷ್ಟರಲ್ಲಿ ಪೂರ್ತಿ ಖರ್ಚಾಗಿಬಿಡುತ್ತಿತ್ತೋ ಏನೋ, ಮನೆಗೆ ಬರುವಾಗ ಒಂದು ತೊಟ್ಟೂ ಉಳಿದಿರುತ್ತಿರಲಿಲ್ಲ ಎಂದು ಅವರ ಹೆಂಡತಿ ಲೆಕ್ಕ ಹಾಕಿದ್ದಳು. ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಕನ್ನಡಿಯ ಮುಂದೆ ಕೂತು ತಮ್ಮನ್ನು ತಾವೇ ಮೆಚ್ಚಿಕೊಳ್ಳುವ ಗಂಡಸರನ್ನು ನೋಡಿ ನೋಡಿ ಅವಳಿಗೆ ಅಭ್ಯಾಸವಾಗಿತ್ತು. ಅಂಗಡಿಯಲ್ಲಾದರೆ ಅಂಥವರಿಗೆ ಒಂದು ಫ್ರೇಮು ಕೊಟ್ಟು ಕಳಿಸಬಹುದಿತ್ತು.

ಮೆಟ್ಟಿಲ ಹಿಂದಿನ ಆ ಕೋಣೆಯಲ್ಲಿದ್ದದ್ದು ಸಿಗಾರುಗಳು. ಅವಳ ಅತ್ತೆ ಮಾತ್ರ ಅವನ್ನು ಚುಟ್ಟ ಎನ್ನುತ್ತಿದ್ದರು.

"ಚುಟ್ಟ ಅಲ್ಲಮ್ಮ, ಸಿಗಾರ್" ಎಂದು ಮಗ ತಿದ್ದುತ್ತಿದ್ದರು.

"ಅದೇ ಕಣೋ, ದಪ್ಪ ಚುಟ್ಟ" ಎಂದು ತಾಯಿ ಒಪ್ಪಿಕೊಳ್ಳುತ್ತಿದ್ದರು.

ಸಾಹೇಬರು ಅವನ್ನು ಸೇದುತ್ತಿರಲಿಲ್ಲ. ಹೆಂಡತಿಗೆ ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದದ್ದು ಅದಕ್ಕೇ. ಸೇದಿದ್ದು ಒಂದೇ ಒಂದು ಸಲ. ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ಆಕಾಶ ನೋಡುತ್ತ ಶುರು ಮಾಡಿದ್ದರು. ಅರ್ಧಕ್ಕೆ ಬರುವಷ್ಟರಲ್ಲಿ ಮುಖ ಸುಣ್ಣದಂತಾಗಿ, ಬಟ್ಟೆ ಒಣಗಿಸುವ ಕಂಬವನ್ನು ತಬ್ಬಿಕೊಂಡು ನಿಂತಿದ್ದರು. ಅತ್ತೆ ಓಡಿಬಂದು ನೀರು ಕೊಟ್ಟು, ಬೆನ್ನು ಸವರಿದ್ದರು. ಉಸಿರು ತಿರುಗಿದ ಮೇಲೆ ಸಾಹೇಬರು ಹೇಳಿದ್ದು, "ಎಲೆ ಇನ್ನೂ ಎಳಸು. ಮಾಗಬೇಕು." ಅಂದಿನಿಂದ ಮಾಗಿಸುವುದೇ ಕಸುಬಾಯಿತು. ಇನ್ನೊಂದು ವರ್ಷ ಇರಲಿ, ಇನ್ನೆರಡು ವರ್ಷ ಇರಲಿ ಎಂದು ಮುಂದೂಡುತ್ತ ಹೋದರೆ ಯಾರೂ ಸೇದು ಎಂದು ಕೇಳುವುದಿಲ್ಲ, ಕಂಬ ತಬ್ಬಿಕೊಳ್ಳುವ ಪ್ರಸಂಗವೂ ಬರುವುದಿಲ್ಲ.

ಇದಕ್ಕೆ ಮರದ ಪೆಟ್ಟಿಗೆಗಳೇ ಇವೆಯಂತೆ. ಆದರೆ ಮರ ತೇವವನ್ನು ಕುಡಿದುಬಿಡುತ್ತದೆ, ಮನೆಯಲ್ಲಿ ಮಾಗಿಸುವವರಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೇ ಮೇಲು ಎಂದು ಹಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರು. ಹಲ್ಲಿನ ಡಾಕ್ಟರು ಸಾಹೇಬರ ಗೆಳೆಯರು, ಈ ವಿದ್ಯೆಯ ಗುರುಗಳು. ಅವರು ಹಾಗೆಂದ ವಾರದಲ್ಲೇ ಅಡುಗೆಮನೆಯ ಡಬ್ಬಿಗಳು ಒಂದೊಂದಾಗಿ ಮಾಯವಾಗತೊಡಗಿದವು. ಮುಚ್ಚಳಕ್ಕೆ ರಬ್ಬರಿನ ಅಂಚಿದ್ದು ನಾಲ್ಕೂ ಕಡೆ ಕ್ಲಿಪ್ ಹಾಕುವ ಒಳ್ಳೆಯ ಡಬ್ಬಿಗಳು. ಸಕ್ಕರೆ ಕಾಗದದ ಚೀಲಕ್ಕೆ ಬಂತು. ಉಪ್ಪು ಕಿವಿ ಮುರಿದ ಕಪ್ಪಿಗೆ ಬಂತು.

"ಹಿಟ್ಟಿನ ಡಬ್ಬಿ ಎಲ್ರೀ?"

"ಅದಕ್ಕೆ ವಾಸನೆ ಅಂಟಿರಲಿಲ್ಲ. ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂತಾನೇ ಹಿಟ್ಟು ಹಾಕಿಟ್ಟಿದ್ದೆ."

"ಹಿಟ್ಟು ಎಲ್ಲಿದ್ರೂ ಹಿಟ್ಟೇ," ಎಂದು ಸಾಹೇಬರು ತತ್ವ ನುಡಿದಿದ್ದರು.

ಡಬ್ಬಿಗೆ ವಾಸನೆ ಇದೆಯೋ ಇಲ್ಲವೋ ನೋಡುವ ಕ್ರಮವೇ ಒಂದು ನೋಟ. ಸೋಪು ಮುಟ್ಟಿಸದೆ ಬಿಸಿನೀರಲ್ಲಿ ತೊಳೆದು, ಹಿತ್ತಲಲ್ಲಿ ಬಾಯಿ ತೆರೆದು ಒಣಗಿಸಿ, ಆಮೇಲೆ ಮುಖವನ್ನೇ ಡಬ್ಬಿಯೊಳಗಿಟ್ಟು ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಹಾಲು ಹೊತ್ತಿ ಮನೆಯೆಲ್ಲ ಹೊಗೆಯಾದರೂ "ನಂಗೇನೂ ಗೊತ್ತಾಗ್ಲಿಲ್ಲ, ಶೀತ" ಎನ್ನುವ ಮೂಗು ಅದು. ಪಾಸಾದ ಡಬ್ಬಿಯೊಳಗೆ ದೇವದಾರು ಮರದ ತೆಳು ಹಾಳೆ ಹಾಸಿ, ಅದರ ಮೇಲೆ ಸಿಗಾರುಗಳನ್ನು ಮೈಗೆ ಮೈ ತಾಗದಂತೆ ಮಲಗಿಸುತ್ತಿದ್ದರು. ಮೂಲೆಯಲ್ಲಿ ಒಂದು ಪುಟ್ಟ ಬಟ್ಟಲು, ಬಟ್ಟಲಲ್ಲಿ ಸ್ಪಂಜು. ಸ್ಪಂಜು ಒಣಗದಂತೆ ಆಗಾಗ ನೀರು ಹನಿಸಬೇಕು. ಆ ನೀರು ನಲ್ಲಿಯದಲ್ಲ, ಬ್ಯಾಟರಿಗೆ ಹಾಕುತ್ತಾರಲ್ಲ, ಅಂಥ ಡಿಸ್ಟಿಲ್ಡ್ ನೀರು. ಹನಿಸುವುದಕ್ಕೆ ಹಲ್ಲಿನ ಡಾಕ್ಟರು ಸೂಜಿ ತೆಗೆದ ಸಿರಿಂಜೊಂದನ್ನು ಉಡುಗೊರೆ ಕೊಟ್ಟಿದ್ದರು. ವಾರಕ್ಕೊಮ್ಮೆ ಮುಚ್ಚಳ ತೆರೆದು ಅವುಗಳಿಗೆ "ಉಸಿರಾಡಿಸುವ" ಕೆಲಸ ಬೇರೆ. ಇಷ್ಟು ಅಕ್ಕರೆ ತನಗೆ ಸಿಕ್ಕಿದ್ದರೆ ತಾನೂ ಈ ಹೊತ್ತಿಗೆ ಚೆನ್ನಾಗಿ ಮಾಗಿರುತ್ತಿದ್ದೆ ಎಂದು ಅವಳು ಅಂಗಡಿಯ ಯಜಮಾನರ ಹತ್ತಿರ ಹೇಳಿ ನಗಿಸಿದ್ದಳು.

ನಗುವುದು ನಿಂತದ್ದು ಅತ್ತೆ ಬಿದ್ದ ದಿನ.

ಆಗ ಸಾಹೇಬರು ಕಂಪನಿಯ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದರು. ಮಧ್ಯಾಹ್ನ ಊಟಕ್ಕೆಂದು ಅವಳು ಮನೆಗೆ ಬಂದಾಗ ಅತ್ತೆ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ಮೆಟ್ಟಿಲೆಲ್ಲ ನೀರು, ಪಕ್ಕದಲ್ಲಿ ಉರುಳಿದ ಚೊಂಬು. ಅತ್ತೆ ಅಷ್ಟು ನೋವಿನಲ್ಲೂ "ನೆಲ ಒದ್ದೆಯಿದೆ, ನೀನು ಜಾರೀಯೆ" ಎಂದಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಫೋನು ಮಾಡಿದರೆ ಸಾಹೇಬರು, "ಆಪರೇಷನ್ ಚೆನ್ನಾಗಿ ಆಯ್ತು ಅಂತೀಯ. ಇನ್ನು ನಾನು ಬಂದು ಮಾಡೋದೇನಿದೆ?" ಎಂದು ಕೇಳಿದ್ದರು. ಅದು ನಿಜವಾಗಿಯೂ ಪ್ರಶ್ನೆಯೇ. ಉತ್ತರ ಅವರಿಗೆ ಗೊತ್ತಿರಲಿಲ್ಲ.

ತರಬೇತಿ ಮುಗಿಸಿ ಬಂದವರು ಮೊದಲು ಹೋದದ್ದು ಮೀಟರಿನ ಹತ್ತಿರ. ಆಮೇಲೆ ಡಬ್ಬಿ ತೆರೆದರು. ತೆರೆದವರು ಕೂಗಿ ಹೆಂಡತಿಯನ್ನು ಕರೆದರು. ಸಿಗಾರುಗಳ ಮೈಮೇಲೆ ಅಲ್ಲಲ್ಲಿ ಬಿಳಿಯದೊಂದು ಪುಡಿ ಕೂತಿತ್ತು.

"ನೋಡು. ಹೂ ಬಿಟ್ಟಿದೆ."

"ಹೂವಾ?"

"ಎಲೆ ಒಳಗಿನ ಎಣ್ಣೆ ಮಾಗಿ ಹೊರಗೆ ಬಂದು ಹೀಗೆ ಹರಳುಗಟ್ಟುತ್ತೆ. ಎಲ್ಲರ ಕೈಲೂ ಆಗಲ್ಲ. ಡಾಕ್ಟ್ರ ಹತ್ರಾನೂ ಇನ್ನೂ ಆಗಿಲ್ಲ." ಅವರು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಆ ಭೂತಗನ್ನಡಿಯನ್ನು ಅವಳು ಅತ್ತೆಗೆ ಪೇಪರು ಓದುವುದಕ್ಕೆಂದು ತಂದುಕೊಟ್ಟಿದ್ದಳು.

ಅವಳಿಗೆ ಅದು ಹಳೆಯ ಬ್ರೆಡ್ಡಿನ ಮೇಲೆ ಏಳುವ ಬೂಸ್ಟಿನಂತೆಯೇ ಕಂಡಿತು. ಆದರೆ ಹೇಳಲಿಲ್ಲ. ಹೇಳಿದರೆ ಎಣ್ಣೆ, ಹರಳು, ಎಲೆಯ ಜಾತಿ ಎಂದು ಒಂದು ಉಪನ್ಯಾಸ ಕೇಳಬೇಕಾಗುತ್ತಿತ್ತು, ಆಸ್ಪತ್ರೆಯ ಭೇಟಿಯ ಹೊತ್ತು ಮುಗಿದುಹೋಗುತ್ತಿತ್ತು. ಸಾಹೇಬರು ಮುಖದ ತುಂಬ ಬೆಳಕು ಹೊತ್ತುಕೊಂಡೇ ಆಸ್ಪತ್ರೆಗೆ ಬಂದರು. ಅತ್ತೆ ಆ ಬೆಳಕನ್ನು ನೋಡಿ, ಹಾಸಿಗೆಯಲ್ಲೇ ಅರ್ಧ ಏಳುವಂತೆ ಮಾಡಿ, "ನನ್ನ ನೋಡಿ ಎಷ್ಟು ಖುಷಿ ನೋಡು ಇವನಿಗೆ" ಎಂದು ಪಕ್ಕದ ಹಾಸಿಗೆಯವರಿಗೆ ತೋರಿಸಿದರು. ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು.

ಶನಿವಾರ ಬೆಳಿಗ್ಗೆ ಮೂಳೆ ಡಾಕ್ಟರು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಸೋಮವಾರ ಮನೆಗೆ ಕಳಿಸುತ್ತೇವೆ. ಹಲವು ತಿಂಗಳು ಮೆಟ್ಟಿಲು ಹತ್ತುವ ಹಾಗಿಲ್ಲ. ಕೆಳಗೇ ಒಂದು ಕೋಣೆ ಬೇಕು, ಬಚ್ಚಲು ಅದಕ್ಕೇ ಹೊಂದಿಕೊಂಡಿರಬೇಕು. ಅಂಥ ಅನುಕೂಲ ಇಲ್ಲದಿದ್ದರೆ ಹೇಳಿ, ಆರೈಕೆ ಕೇಂದ್ರಕ್ಕೆ ಬರೆದುಕೊಡುತ್ತೇನೆ.

ಮನೆಯಲ್ಲಿ ಕೆಳಗೆ ಇದ್ದದ್ದು ಅಡುಗೆಮನೆ, ಹಜಾರ, ಮತ್ತು ಮೆಟ್ಟಿಲ ಹಿಂದಿನ ಆ ಕೋಣೆ. ಕೆಳಗಿನ ಬಚ್ಚಲಿಗೆ ದಾರಿ ಇದ್ದದ್ದೂ ಆ ಕೋಣೆಯಿಂದಲೇ. ಅತ್ತೆಯ ಕೋಣೆ ಮಹಡಿಯ ಮೇಲೆ. ಆದ್ದರಿಂದ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಆದರೂ ಸಾಹೇಬರು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದರು.

"ಆರೈಕೆ ಕೇಂದ್ರ ಅಂದ್ರೆ ಏನೂ ಕೆಟ್ಟ ಜಾಗ ಅಲ್ಲ," ಎಂದರು ಮನೆಗೆ ಬಂದು.

"ನಾನು ನೋಡಿದೀನಿ. ಉದ್ದಕ್ಕೆ ಒಂದು ಹಜಾರ, ಎರಡೂ ಕಡೆ ಮಂಚ. ಒಬ್ಬರು ಕೆಮ್ಮಿದ್ರೆ ಎಲ್ಲರಿಗೂ ಎಚ್ಚರ."

"ಹೊತ್ತು ಹೊತ್ತಿಗೆ ನೋಡಿಕೊಳ್ಳೋರು ಇರ್ತಾರೆ. ಇಲ್ಲಿ ನಾವಿಬ್ರೂ ಕೆಲಸಕ್ಕೆ ಹೋಗ್ತೀವಿ."

"ನನ್ನ ಅಂಗಡಿ ಯಜಮಾನ್ರು ಅರ್ಧ ದಿನ ಬಂದ್ರೆ ಸಾಕು ಅಂದಿದಾರೆ. ನಾನು ಕೇಳಿರಲಿಲ್ಲ, ಅವರೇ ಅಂದ್ರು. ನೀವು ಕೋಣೆ ಖಾಲಿ ಮಾಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಸಾಹೇಬರು ಮೀಟರಿನ ಕಡೆ ನೋಡಿದರು. "ಇಡೀ ಮನೆಗೆ ತಣ್ಣಗೆ ಇರೋದು ಇದೊಂದೇ ಕೋಣೆ. ಬಿಸಿಲು ಬೀಳಲ್ಲ. ಶಾಖ ಏರಿಳಿತ ಇಲ್ಲ. ಹೂ ಬಿಡೋ ಹೊತ್ತಲ್ಲಿ ಜಾಗ ಬದಲಾಯಿಸಿದ್ರೆ ಅವಕ್ಕೆ ಆಘಾತ ಆಗುತ್ತೆ."

"ಅವಕ್ಕೆ."

"ಹೌದು, ಎಲೆ ಸೂಕ್ಷ್ಮ."

ಅವಳು ಗಂಡನನ್ನು ಸ್ವಲ್ಪ ಹೊತ್ತು ನೋಡಿದಳು. ಕನ್ನಡಕ ಬೇಕಾದವರು ಅಂಗಡಿಗೆ ಬಂದಾಗ ಎದುರಿನ ಫಲಕದಲ್ಲಿ ಮೇಲಿನ ದೊಡ್ಡ ಅಕ್ಷರವೂ ಕಾಣದ ಕೆಲವರಿರುತ್ತಾರೆ. ಅವರ ಮೇಲೆ ಸಿಟ್ಟು ಬರುವುದಿಲ್ಲ, ಕಣ್ಣಿನ ದೋಷ. ಇದಕ್ಕೆ ಯಾವ ಗಾಜು ಹಾಕಬೇಕೋ ಅವಳಿಗೆ ತಿಳಿಯಲಿಲ್ಲ.

"ನಾಳೆ ಡಾಕ್ಟ್ರು ಬರ್ತಾರೆ. ಅವರು ನೋಡಿದ ಮೇಲೆ ತೀರ್ಮಾನ ಮಾಡೋಣ," ಎಂದರು ಸಾಹೇಬರು.

"ಅತ್ತೇನ ಹಲ್ಲಿನ ಡಾಕ್ಟ್ರು ನೋಡ್ತಾರಾ?"

"ಹೂವನ್ನ."

ಅಂದು ಮಧ್ಯಾಹ್ನ ಅವಳು ಮತ್ತೆ ಆಸ್ಪತ್ರೆಗೆ ಹೋದಳು. ವಾರ್ಡಿನ ಆಯಾ ಯಾರೂ ಹೇಳದೆಯೇ ಅತ್ತೆಯ ಮಂಚವನ್ನು ತುಸು ತಿರುಗಿಸಿಟ್ಟಿದ್ದಳು, ಬಾಗಿಲಿನಿಂದ ಬರುವವರು ಮಲಗಿದಲ್ಲಿಂದಲೇ ಕಾಣಲಿ ಎಂದು. ಅತ್ತೆಯ ಮಡಿಲಲ್ಲಿ ಅವರ ಕೈಚೀಲ ಇತ್ತು. ಬಾಚಣಿಗೆ, ಟವೆಲು, ಕನ್ನಡಕದ ಡಬ್ಬಿ ಎಲ್ಲವೂ ಆಗಲೇ ಒಳಗೆ ಹೋಗಿದ್ದವು.

"ಏನತ್ತೆ, ಸೋಮವಾರಕ್ಕೆ ಈಗಲೇ ತಯಾರಾ?"

"ಮನೆಗೋ ಅಲ್ಲಿಗೋ, ಎಲ್ಲಿಗಾದ್ರೂ ಚೀಲ ಬೇಕಲ್ಲಮ್ಮ." ಅತ್ತೆ ನಗಲು ನೋಡಿದರು. "ಅಲ್ಲಿಗೇ ಹೋಗ್ತೀನಿ ಬಿಡು. ನಂಗೇನೂ ಅಡ್ಡಿಯಿಲ್ಲ. ಅವನಿಗೆ ಆ ಕೋಣೆ ಅಂದ್ರೆ ಪ್ರಾಣ."

ಹಾಗೆನ್ನುವಾಗ ಅವರ ಬೆರಳುಗಳು ಚೀಲದ ಹಿಡಿಯನ್ನು ಸುತ್ತಿ ಸುತ್ತಿ ಬಿಗಿಯುತ್ತಿದ್ದವು. ಸೊಸೆ ಚೀಲದಿಂದ ಬಾಚಣಿಗೆ ಹೊರಗೆ ತೆಗೆದು ಅವರ ತಲೆ ಬಾಚತೊಡಗಿದಳು. ಇಬ್ಬರಿಗೂ ಮಾತಾಡಲು ಅದು ಅನುಕೂಲ. ಮುಖ ನೋಡಬೇಕಾಗಿಲ್ಲ.

"ಒಂದು ಕೇಳಲಾ," ಎಂದರು ಅತ್ತೆ. "ಅವನ ಚುಟ್ಟಗಳು ಚೆನ್ನಾಗಿದಾವಾ?"

"ಚೆನ್ನಾಗಿರದೇ ಏನು. ಹೂ ಬಿಟ್ಟಿದಾವಂತೆ. ಬಿಳಿ ಬಿಳಿ ಪುಡಿ."

ಅತ್ತೆಯ ತಲೆ ಬಾಚಣಿಗೆಯ ಕೆಳಗೆ ಅಲುಗಾಡದೆ ನಿಂತಿತು. "ಬಿಳಿಯದಾ? ಅಯ್ಯೋ. ನಲ್ಲಿ ನೀರು ಹಾಕಿದ್ದಕ್ಕೇನೋ."

"ಯಾವ ನಲ್ಲಿ ನೀರತ್ತೆ?"

ಆಗ ಗೊತ್ತಾಯಿತು. ಊರಿಗೆ ಹೋಗುವಾಗ ಸಾಹೇಬರು ಸ್ಪಂಜುಗಳ ಕೆಲಸವನ್ನು ತಾಯಿಗೆ ಒಪ್ಪಿಸಿ ಹೋಗಿದ್ದರು. ಹೆಂಡತಿಗೆ ಹೇಳಿದರೆ ಏನು ಉತ್ತರ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅಲ್ಲಿಂದ ದಿನವೂ ಫೋನು ಮಾಡಿ "ಒಣಗಲು ಬಿಡಬೇಡಮ್ಮ" ಎನ್ನುತ್ತಿದ್ದರಂತೆ. ಬಾಟಲಿಯ ನೀರು ನಡುವೆಯೇ ಮುಗಿದುಹೋಯಿತು. ಸೊಸೆಗೆ ತರಲು ಹೇಳಿದರೆ ಅವಳಿಗೆ ಕೆಲಸದ ಮೇಲೆ ಕೆಲಸ, ಮಗನಿಗೆ ಹೇಳಿದರೆ ಅಲ್ಲಿ ಅವನಿಗೆ ಚಿಂತೆ. ಹಾಗಾಗಿ ಅತ್ತೆ ತಮ್ಮದೇ ಉಪಾಯ ಹುಡುಕಿದ್ದರು. ಸೊಸೆಯ ಕಣ್ಣಿಗೆ ಬೀಳದಂತೆ ಮಹಡಿಯ ನಲ್ಲಿಯಿಂದ ಚೊಂಬಿಗೆ ನೀರು ಹಿಡಿದು, ಮಂಚದ ಪಕ್ಕ ತಿಳಿಯಾಗಲು ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ ಕೆಳಗೆ ತರುತ್ತಿದ್ದರು.

"ಶುದ್ಧವಾಗೇ ಇತ್ತಮ್ಮ. ನಾನೂ ಅದನ್ನೇ ಕುಡಿದು ನೋಡಿದ್ದೆ."

"ಆವತ್ತು ಬಿದ್ದಿದ್ದು?"

"ಒಂದು ಕೈಲಿ ಚೊಂಬು. ಇನ್ನೊಂದರಲ್ಲಿ ಆ ಸಿರಿಂಜು. ಕಂಬಿ ಹಿಡಿಯೋಕೆ ಕೈ ಇರಲಿಲ್ಲ." ಅತ್ತೆ ಇದನ್ನು ಮನೆಗೆಲಸದ ಒಂದು ಸಣ್ಣ ವಿವರ ಹೇಳುವಂತೆ ಹೇಳಿದರು. "ಅವನಿಗೆ ಹೇಳಬೇಡ ಕಣಮ್ಮ. ತನ್ನಿಂದ ಆಯ್ತು ಅಂತ ಕೊರಗ್ತಾನೆ. ಮೊದಲೇ ಮೆತ್ತನೆ ಜೀವ."

ಸೊಸೆ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬಿಡಿಸುತ್ತ ನಿಂತಳು. ಮೆಟ್ಟಿಲ ಮೇಲಿನ ಆ ನೀರನ್ನು ಅವಳೇ ಒರೆಸಿದ್ದಳು. ಕುಡಿಯುವ ನೀರೆಂದುಕೊಂಡಿದ್ದಳು. "ಹೇಳಲ್ಲ ಅತ್ತೆ," ಎಂದಳು. ಆ ಹೊತ್ತಿಗೆ ಅವಳ ಮಾತು ನಿಜವೇ ಆಗಿತ್ತು.

ಭಾನುವಾರ ಹಲ್ಲಿನ ಡಾಕ್ಟರು ಬಂದರು. ಎತ್ತರದ ಮನುಷ್ಯ. ಎಲ್ಲ ಮಾತನ್ನೂ ಮೆಲ್ಲಗೆ ಆಡುತ್ತಿದ್ದರು, ಎದುರಿಗಿರುವವರ ಬಾಯಲ್ಲಿ ಹತ್ತಿ ಇರುವುದರಿಂದ ಯಾರೂ ತಿರುಗಿ ಮಾತಾಡುವುದಿಲ್ಲ ಎಂಬ ಭರವಸೆ ಅವರಿಗೆ ಅಭ್ಯಾಸವಾಗಿತ್ತು. ಸಾಹೇಬರು ಅವರಿಗೆ ಕುರ್ಚಿ ಹಾಕಿ, ದೀಪ ಹಚ್ಚಿ, ಹಿಟ್ಟಿನ ಡಬ್ಬಿಯ ನಾಲ್ಕೂ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿದರು. ಡಾಕ್ಟರು ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ತೆಗೆದರು. ದವಡೆ ಹಲ್ಲಿನ ಹಿಂದೆ ಏನಿದೆ ಎಂದು ನೋಡುವ ಕನ್ನಡಿ. ಅದನ್ನು ಸಿಗಾರಿನ ಕೆಳಗೆ ಹಿಡಿದು, ತಲೆ ಓರೆ ಮಾಡಿ, "ಹ್ಞೂಂ" ಎಂದರು. ಇನ್ನೊಂದರ ಕೆಳಗೆ ಹಿಡಿದು ಮತ್ತೆ "ಹ್ಞೂಂ" ಎಂದರು.

ಅವಳು ಟೀ ತಂದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರು ದೊಡ್ಡ ಗಂಡಸರು ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಒಬ್ಬರ ಕೈಲಿ ಹಲ್ಲಿನ ಕನ್ನಡಿ, ಇನ್ನೊಬ್ಬರ ಕೈಲಿ ಅತ್ತೆಯ ಭೂತಗನ್ನಡಿ. ಡಬ್ಬಿಯೊಳಗೆ ಬೂಸ್ಟು ಬಂದ ಎಲೆಯ ಸುರುಳಿಗಳು.

"ಹೂವೇ ಅಲ್ವಾ ಡಾಕ್ಟ್ರೇ?"

ಡಾಕ್ಟರು ಸ್ವಲ್ಪ ತಡೆದರು. "ಹೂವೇ. ಇಷ್ಟು ದಟ್ಟವಾಗಿ ನಾನು ನೋಡಿರಲಿಲ್ಲ."

ಸಾಹೇಬರ ಎದೆ ಉಬ್ಬಿತು. "ಅದಕ್ಕೇ ಕೇಳೋದು. ಈಗ ಇವನ್ನ ಕದಲಿಸೋ ಹಾಗಿಲ್ಲ ತಾನೇ? ಇವಳು ಅಮ್ಮನ ಮಂಚ ಇಲ್ಲಿ ಹಾಕ್ಬೇಕು ಅಂತ ಹಟ ಹಿಡಿದಿದಾಳೆ. ಆರೈಕೆ ಕೇಂದ್ರ ಇದೆ. ಅಲ್ಲಿ ಹಾಸಿಗೆ ಸ್ವಲ್ಪ ಗಟ್ಟಿ ಇರಬಹುದು, ಅದಕ್ಕೂ ದಾರಿ ಇಟ್ಟಿದೀನಿ. ನಮ್ಮ ಅಂಗಡಿಯಿಂದಾನೇ ಒಂದು ಒಳ್ಳೆ ಹಾಸಿಗೆ ಕಳಿಸ್ತೀನಿ. ಸೊಂಟಕ್ಕೆ ಅಂತಾನೇ ಮಾಡಿರೋದು."

ಅವಳು ಟೀ ತಟ್ಟೆಯನ್ನು ಡಬ್ಬಿಗಳ ಮೇಲೆಯೇ ಇಟ್ಟಳು. ಅಲ್ಲಿ ಏನನ್ನೂ ಇಡಬಾರದೆಂಬ ನಿಯಮವಿತ್ತು.

"ಡಾಕ್ಟ್ರೇ," ಎಂದಳು. ಅವಳ ದನಿ ಅಂಗಡಿಯಲ್ಲಿ ಅಳತೆ ಹೇಳುವ ದನಿಯಷ್ಟೇ ಸಮವಾಗಿತ್ತು. "ಇವರು ಊರಲ್ಲಿ ಇಲ್ಲದಾಗ ಈ ಸ್ಪಂಜುಗಳಿಗೆ ನೀರು ಹಾಕ್ತಾ ಇದ್ದಿದ್ದು ನಮ್ಮತ್ತೆ. ಇವರು ದಿನಾ ಫೋನು ಮಾಡಿ ಹೇಳ್ತಿದ್ರು. ಬಾಟ್ಲಿ ನೀರು ಮುಗೀತು. ಅತ್ತೆ ನಲ್ಲಿ ನೀರು ಸೋಸಿ, ಚೊಂಬಲ್ಲಿ ಹಿಡಿದು, ನೀವು ಕೊಟ್ಟ ಸಿರಿಂಜು ಇನ್ನೊಂದು ಕೈಲಿ ಹಿಡಿದು ಮೆಟ್ಟಿಲು ಇಳೀತಿದ್ರು. ಬಿದ್ದಿದ್ದು ಹಾಗೆ. ಮೂಳೆ ಮುರಿದಿದ್ದು ಈ ಡಬ್ಬಿಗಳಿಗೆ ನೀರು ತರೋವಾಗ."

ಸಾಹೇಬರ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು, ಅಂದು ಹಿತ್ತಲಲ್ಲಿ ಆದ ಹಾಗೆಯೇ. ಅವಳು ಕಾದಳು. ಒಂದು ಗಳಿಗೆ, ಒಂದೇ ಗಳಿಗೆ, ಇಷ್ಟು ವರ್ಷದ ತನ್ನ ತಿರಸ್ಕಾರವೆಲ್ಲ ತಪ್ಪಾಗಲಿ ಎಂದು ಅವಳಿಗೆ ಮನಸಾರೆ ಅನ್ನಿಸಿತು.

"ನಲ್ಲಿ ನೀರಾ?" ಎಂದರು ಸಾಹೇಬರು. ಆಮೇಲೆ ಸುತ್ತಲಿನ ಡಬ್ಬಿಗಳನ್ನು ನೋಡುತ್ತ, "ಎಲ್ಲಾ ಡಬ್ಬಿಗೂ ಹಾಕಿದ್ರಾ?"

ತಪ್ಪಾಗಲಿಲ್ಲ.

ಹಲ್ಲಿನ ಡಾಕ್ಟರು ಕೈಲಿದ್ದ ಕನ್ನಡಿಯನ್ನು ಕರವಸ್ತ್ರದಿಂದ ಒರೆಸಿದರು. ಮತ್ತೆ ಒರೆಸಿದರು. ಜೇಬಿಗೆ ಹಾಕಿಕೊಂಡರು. "ನಲ್ಲಿ ನೀರಾದ್ರೆ ಅದು ಬೂಸ್ಟು," ಎಂದರು ಗೆಳೆಯನ ಕಡೆ ನೋಡದೆ. "ನಂಗೂ ಅನುಮಾನ ಬಂದಿತ್ತು."

"ಬಂದಿದ್ರೆ ಹೇಳಬಹುದಿತ್ತು," ಎಂದಳು ಅವಳು.

"ಹೇಳಬಹುದಿತ್ತು." ಡಾಕ್ಟರು ಕುರ್ಚಿಯಿಂದ ಎದ್ದು, ಅಂಗಿಯ ತೋಳು ಮಡಿಸಿ, ಡಬ್ಬಿಗಳ ಮೇಲಿದ್ದ ಟೀ ತಟ್ಟೆಯನ್ನು ಎತ್ತಿ ಅವಳ ಕೈಗೆ ಕೊಟ್ಟರು. ಆಮೇಲೆ, "ಮಂಚದ ತಲೆ ಯಾವ ಕಡೆ ಬರುತ್ತಮ್ಮ?" ಎಂದು ಕೇಳಿದರು.

"ಕಿಟಕಿ ಕಡೆ."

"ಹಾಗಾದ್ರೆ ಮೊದಲು ಈ ಸಾಲು ತೆಗೀಬೇಕು." ಅವರು ಕೆಳಗಿನ ಡಬ್ಬಿಯ ಜೊತೆ ಮೇಲಿನ ಡಬ್ಬಿಯನ್ನೂ ಅವಚಿಕೊಂಡು ಎತ್ತಿ ಮಹಡಿಯ ಮೆಟ್ಟಿಲು ಹತ್ತತೊಡಗಿದರು. ಅವಳು ಆ ಮನುಷ್ಯನನ್ನು ಎಷ್ಟೋ ವರ್ಷಗಳಿಂದ ಅಡಿಯಿಂದ ಮುಡಿಯವರೆಗೆ ಟೊಳ್ಳು ಎಂದುಕೊಂಡಿದ್ದಳು. ಈಗಲೂ ಪೂರ್ತಿ ಮನಸ್ಸು ಬದಲಾಯಿಸುವಷ್ಟು ಅವರೇನೂ ಮಾಡಿರಲಿಲ್ಲ. ಆದರೂ ಉಪ್ಪು ಹಾಕಿದ್ದ ಕಿವಿ ಮುರಿದ ಕಪ್ಪನ್ನು ಪಕ್ಕಕ್ಕಿಟ್ಟು, ಒಳ್ಳೆಯ ಕಪ್ಪಿನಲ್ಲಿ ಅವರಿಗೆ ಬೇರೆ ಟೀ ಮಾಡಿಟ್ಟಳು.

ಸಾಹೇಬರು ತಡೆಯಲಿಲ್ಲ. ತಡೆಯುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಪ್ರತಿ ಡಬ್ಬಿಯ ಹಿಂದೆಯೂ ಎರಡು ಕೈ ಚಾಚಿಕೊಂಡು, ಆಪರೇಷನ್ನಿಗೆ ಒಯ್ಯುವ ಮಗುವಿನ ಹಿಂದೆ ಹೋಗುವ ತಂದೆಯಂತೆ "ಓರೆ ಮಾಡಬೇಡಿ, ಓರೆ ಮಾಡಬೇಡಿ" ಎನ್ನುತ್ತ ಮೆಟ್ಟಿಲು ಹತ್ತಿದರು, ಇಳಿದರು. ಮೂಳೆ ಮುರಿದ ತಾಯಿಯನ್ನು ಒಳಗೊಯ್ಯುವಾಗ ಆ ಕೈಗಳು ಬೇರೆ ಊರಿನಲ್ಲಿದ್ದವು. ಸಂಜೆಯ ಹೊತ್ತಿಗೆ ಅತ್ತೆಯ ಹಳೆಯ ಕೋಣೆ ಡಬ್ಬಿಗಳಿಂದ ತುಂಬಿತು. ಸಾಹೇಬರು ಅಲ್ಲೇ ಕೂತು ಒಂದೊಂದೇ ಸಿಗಾರನ್ನು ಮೆತ್ತನೆ ಬಟ್ಟೆಯಿಂದ ಒರೆಸತೊಡಗಿದರು. ಅಮ್ಮನನ್ನು ಕರೆತರಲು ಆಂಬುಲೆನ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲಿಲ್ಲ. ಕೆಳಗೆ ಗೋಡೆಯ ಮೇಲೆ ಮೀಟರು ಮಾತ್ರ ಉಳಿದುಹೋಯಿತು. ಯಾರಿಗೂ ಅದರ ನೆನಪಾಗಲಿಲ್ಲ.

ಸೋಮವಾರ ಆಂಬುಲೆನ್ಸಿನ ಚಾಲಕ ಬೀದಿಯ ಪ್ರತಿ ಗುಂಡಿಯ ಮುಂದೆಯೂ ನಿಂತು, ಒಳಗಿದ್ದವರನ್ನು ಕೇಳಿ, ಆಮೇಲೆ ದಾಟಿಸಿದ. ಅತ್ತೆಯನ್ನು ಮಂಚಕ್ಕೆ ಇಳಿಸಿದ ಮೇಲೂ ಹೋಗದೆ, ಅವರ ಚಪ್ಪಲಿ ಎರಡನ್ನೂ ಜೊತೆ ಮಾಡಿ, ಮುಂದೆ ಎಂದಾದರೂ ಎದ್ದಾಗ ಕಾಲು ಬೀಳುವ ಜಾಗದಲ್ಲೇ ಇಟ್ಟು ಹೋದ. ಅತ್ತೆ ಅದನ್ನು ಬಹಳ ಹೊತ್ತು ನೋಡಿದರು.

"ಒಳ್ಳೆ ವಾಸನೆ ಇಲ್ಲಿ," ಎಂದರು ಆಮೇಲೆ. "ಹಳೇ ಪುಸ್ತಕದ ಪೆಟ್ಟಿಗೆ ತೆಗೆದ ಹಾಗೆ. ಅವನ ಚುಟ್ಟಗಳು ಎಲ್ಲಿಗೆ ಹೋದವು?"

"ಮೇಲೆ. ನಿಮ್ಮ ಕೋಣೆಗೆ."

"ಅಲ್ಲಿ ಮಧ್ಯಾಹ್ನದ ಬಿಸಿಲು ಜೋರು. ಪಾಪ." ಆಮೇಲೆ ದನಿ ತಗ್ಗಿಸಿ, "ನೀರಿನ ವಿಷಯ ಹೇಳಲಿಲ್ಲ ತಾನೇ?"

"ಇಲ್ಲ ಅತ್ತೆ."

"ಒಳ್ಳೇದಾಯ್ತು. ತಾನಾಗೇ ಕೋಣೆ ಬಿಟ್ಟುಕೊಟ್ನಲ್ಲ. ನಾನು ಹೇಳಿರಲಿಲ್ವಾ, ಮೆತ್ತನೆ ಜೀವ ಅಂತ."

ಸೊಸೆ ಹೊದಿಕೆಯ ಅಂಚನ್ನು ಹಾಸಿಗೆಯ ಕೆಳಗೆ ಮಡಿಸಿದಳು. ಆಗಲೇ ಮಡಿಸಿದ್ದನ್ನೇ ಇನ್ನೊಮ್ಮೆ ಮಡಿಸಿದಳು.

ಸಂಜೆ ಸಾಹೇಬರು ಕೆಲಸದಿಂದ ಬಂದರು. ಬೂಟು ಬಿಚ್ಚದೆ ನೆಟ್ಟಗೆ ಮೆಟ್ಟಿಲ ಹಿಂದಿನ ಕೋಣೆಗೆ ನುಗ್ಗಿದರು. ಮಂಚದ ಕಡೆ ನೋಡಲಿಲ್ಲ. ಮಂಚದ ಮೇಲಿಂದ ಕೈ ಚಾಚಿ ಮೀಟರನ್ನು ಮೊಳೆಯಿಂದ ಎತ್ತಲು ಹೊರಟರು. ಮೇಲಿನ ಕೋಣೆಗೆ ಅದು ಬೇಕಿತ್ತು.

ಮಲಗಿದ್ದ ತಾಯಿ ಕಣ್ಣು ಬಿಟ್ಟು ಮೇಲೆ ನೋಡಿದರು. ಮಗನ ತೋಳು ತಮ್ಮ ಮುಖದ ಮೇಲೆ ಚಾಚಿತ್ತು.

"ಬಂದ್ಯೇನೋ? ನಂಗೆ ಸೆಕೆ ಆಗ್ತಿದೆಯಾ ಅಂತ ನೋಡ್ತಾ ಇದೀಯಾ?"

ಸಾಹೇಬರ ಕೈ ಮೊಳೆಯ ಹತ್ತಿರವೇ ನಿಂತಿತು. ಅವರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಹುಬ್ಬು ಕೂಡ ಏರಿಸಲಿಲ್ಲ.

"ಹೂಂ," ಎಂದರು ಸಾಹೇಬರು. "ನೋಡ್ತಾ ಇದ್ದೆ."

"ಎಷ್ಟಿದೆಯಂತೆ?"

ಅವರು ಮುಳ್ಳುಗಳನ್ನು ನೋಡಿದರು. "ಸರಿಯಾಗಿದೆ ಅಮ್ಮ. ಇರಬೇಕಾದಷ್ಟೇ ಇದೆ."

"ನೋಡು," ಎಂದು ಅತ್ತೆ ಸೊಸೆಯ ಕಡೆ ತಿರುಗಿದರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆ ತೋರಿಸಿದ ಮುಖವೇ ಮತ್ತೆ ಮೂಡಿತ್ತು. "ಬೂಟು ಕೂಡ ಬಿಚ್ಚಿಲ್ಲ, ಮೊದಲು ಇಲ್ಲಿಗೇ ಬಂದಿದಾನೆ."

ಅವಳ ನಾಲಗೆಯ ತುದಿಗೆ ಒಂದು ಮಾತು ಬಂದಿತ್ತು. ಒಳ್ಳೆಯ ಮಾತು, ಚೂಪಾದ ಮಾತು, ಬಹಳ ವರ್ಷ ಡಬ್ಬಿಯಲ್ಲಿಟ್ಟು ಮಾಗಿಸಿದ್ದು. ಅತ್ತೆಯ ಮುಖ ನೋಡಿ ಅವಳು ಅದನ್ನು ನುಂಗಿಕೊಂಡಳು.

"ಹೌದತ್ತೆ," ಎಂದಳು. "ನಾಳೇನೂ ಬಂದು ನೋಡ್ತಾರೆ." ಆಮೇಲೆ ಗಂಡನ ಕಡೆ ತಿರುಗಿ, "ಅಲ್ವೇನ್ರೀ? ದಿನಾ ಬಂದ ತಕ್ಷಣ ನೋಡ್ತೀರಿ ತಾನೇ? ಅದಕ್ಕೇ ಮೀಟರು ಇಲ್ಲೇ ಇರಲಿ."

ಸಾಹೇಬರು ಮೊಳೆಯಿಂದ ಕೈ ತೆಗೆದರು. ಎಲ್ಲಿಡಬೇಕೆಂದು ಗೊತ್ತಾಗದ ಆ ಕೈಯನ್ನು ತಾಯಿ ಹಿಡಿದುಕೊಂಡು, ಮಂಚದ ಅಂಚಿನಲ್ಲಿ ಕೂರು ಎಂದು ಎಳೆದರು. ಅವರು ಕೂತರು. ಹಾಸಿಗೆ ಹಳೆಯದು, ಅವರ ಅಂಗಡಿಯದಲ್ಲ, ಒಂದು ಕಡೆ ತಗ್ಗಾಗಿತ್ತು. ಅವಳು ಅಡುಗೆಮನೆಗೆ ಹೋಗಿ, ಮೇಲಿನಿಂದ ಇಳಿಸಿ ತಂದು ಸೋಪು ಹಾಕಿ ತೊಳೆದಿದ್ದ ಹಿಟ್ಟಿನ ಡಬ್ಬಿಗೆ ಮತ್ತೆ ಹಿಟ್ಟು ಸುರಿದು, ನಾಲ್ಕೂ ಕ್ಲಿಪ್ಪು ಹಾಕಿದಳು.